ಸಿರಿಲ್‌ನ ಪಾಸ್‌ಪೋರ್ಟು, ಮೇವಿಸ್‌ಳ ಬಿಸಿಲು

ಇಂಗ್ಲೆಂಡಿನ ಕಡಲ ದಂಡೆಯ ನಮ್ಮ ಗ್ರಿಮ್ಸ್‌ಬಿಯಲ್ಲಿ ಸಿರಿಲ್ ಟಾಸ್ಕರ್ ಎದುರಾದರೆ ಜನ ತಮ್ಮ ಗಡಿಯಾರ ನೋಡಿಕೊಳ್ಳುತ್ತಿದ್ದರು, ಎಲ್ಲಾದರೂ ಹಿಂದೆ ಬಿದ್ದಿದೆಯೇನೋ ಎಂದು. ಎಲ್ಲಿಗೆ ಹೋಗುವುದಿದ್ದರೂ ಅವನು ಎಲ್ಲರಿಗಿಂತ ಮೊದಲು ಅಲ್ಲಿರುತ್ತಿದ್ದ. ಮೀಸೆ ಮೂಡುವ ಮೊದಲೇ ಮೀನಿನ ಹಡಗು ಹತ್ತಿದವನು. ತಡವಾಗಿ ಬಂದವನನ್ನು ದಡದಲ್ಲೇ ಬಿಟ್ಟು ಹಡಗು ಹೊರಟುಬಿಡುತ್ತಿತ್ತು. ಆ ಭಯ ಮುದುಕನಾದ ಮೇಲೂ ಅವನನ್ನು ಬಿಟ್ಟಿರಲಿಲ್ಲ. ಉತ್ತರದ ಕಡಲಿನಲ್ಲಿ ನಮ್ಮವರು ಮೀನು ಹಿಡಿಯುವುದಕ್ಕೆ ತಡೆ ಬಿದ್ದು, ಹಡಗುಗಳು ಗುಜರಿಗೆ ಹೋದ ಮೇಲೆ ಮೀನು ಮಾರುಕಟ್ಟೆಯಲ್ಲಿ ಪೆಟ್ಟಿಗೆ ಎಳೆದು ಬದುಕಿದ.

ಅವನ ಹೆಂಡತಿ ಮೇವಿಸ್ ನನ್ನ ಗೆಳತಿ. ನಾವಿಬ್ಬರೂ ಶಾಲೆ ಬಿಟ್ಟ ವಾರವೇ ಹೊಗೆಮನೆಗೆ ಕೆಲಸಕ್ಕೆ ಸೇರಿದವರು. ಮೀನು ಸೀಳಿ, ಸಲಾಕೆಗೆ ಚುಚ್ಚಿ, ಹೊಗೆಯ ಮೇಲೆ ನೇತುಹಾಕುವುದು. ನನಗೆ ಆ ಹೊಗೆ ಏನೂ ಮಾಡಲಿಲ್ಲ. ಅವಳ ಎದೆಯೊಳಗೆ ಮಾತ್ರ ಮನೆ ಕಟ್ಟಿಕೊಂಡು ಕೂತುಬಿಟ್ಟಿತು. ನಮ್ಮೂರಿನ ಚಳಿಗಾಲದಲ್ಲಿ ಮಾಳಿಗೆಯ ಮೆಟ್ಟಿಲು ಹತ್ತುವಾಗ ನಡುವೆ ಕೂತು ಉಸಿರು ಹುಡುಕುತ್ತಿದ್ದಳು. ಅದಕ್ಕೇ ಕ್ರಿಸ್‌ಮಸ್ ಮುಗಿದ ಕೂಡಲೇ ಇಬ್ಬರೂ ಸ್ಪೇನಿನ ಕಡಲ ದಂಡೆಗೆ ಹೋಗುತ್ತಿದ್ದರು, ಎರಡು ತಿಂಗಳು. ಆಗ ಅಲ್ಲಿ ಬಾಡಿಗೆ ಅಗ್ಗ, ಊಟ ಅಗ್ಗ. ಇಲ್ಲಿ ಮನೆ ಬೆಚ್ಚಗಿಡುವ ಖರ್ಚಿನಲ್ಲಿ ಅಲ್ಲಿ ದಿನಾ ಮೀನು ತಿನ್ನಬಹುದಿತ್ತು. ಅಲ್ಲಿ ಮೇವಿಸ್ ಯಾರ ತೋಳೂ ಹಿಡಿಯದೆ ದಿಬ್ಬ ಹತ್ತುತ್ತಿದ್ದಳು.

ಐರೋಪ್ಯ ಒಕ್ಕೂಟದಲ್ಲಿ ನಮ್ಮ ದೇಶ ಇರಬೇಕೋ ಬಿಡಬೇಕೋ ಎಂದು ಮತ ಕೇಳಿದ ವರ್ಷ ಸಿರಿಲ್ ಹುಡುಗನ ಹಾಗೆ ಓಡಾಡಿದ. ಕಿಟಕಿಗೆ ‘ಬಿಡೋಣ’ ಎಂಬ ಚೀಟಿ ಅಂಟಿಸಿದ. ಮನೆಮನೆ ಬಾಗಿಲು ಬಡಿದ. ಬಿಟ್ಟರೆ ನಮ್ಮ ಕಡಲು ನಮಗೆ ಬರುತ್ತದೆ ಎಂದ. ನನ್ನ ಗಂಡ ವಿಲ್ಫ್ ಆಗ ಬದುಕಿದ್ದ. ಕ್ಲಬ್ಬಿನಲ್ಲಿ ಎಲ್ಲರೆದುರು ಅವನನ್ನು ಕೆಣಕಿದ:

"ಅಲ್ಲಯ್ಯಾ, ಆಮೇಲೆ ಸ್ಪೇನಿಗೆ ಹೆಂಗೆ ಹೋಗ್ತೀಯಾ? ಈಜ್ಕೊಂಡಾ?"

"ಸ್ಪೇನ್ ಎದ್ದು ಎಲ್ಲಿಗಾದ್ರೂ ಹೋಗತ್ತೇನೋ? ಪಾಸ್‌ಪೋರ್ಟಿನ ಬಣ್ಣ ಬದಲಾಗತ್ತೆ, ಅಷ್ಟೇ. ನಿನ್ನ ಬಿಯರ್ ಕುಡಿ," ಎಂದ ಸಿರಿಲ್. ಎಲ್ಲರೂ ನಕ್ಕರು. ಮೇವಿಸ್ ಕೂಡ ನಕ್ಕಳು.

ಬಿಡಬೇಕೆಂದವರೇ ಗೆದ್ದರು. ಮತದ ಮರುದಿನವೇ ನಮ್ಮ ಪೌಂಡಿನ ಬೆಲೆ ಕುಸಿಯಿತು. ಮುಂದಿನ ಚಳಿಗಾಲ ಸ್ಪೇನಿನ ಅದೇ ಹೋಟೆಲಿನ ಅದೇ ಕಾಫಿಗೆ ಹೆಚ್ಚು ಚಿಲ್ಲರೆ ಎಣಿಸಬೇಕಾಯಿತು. ಪ್ರಯಾಣದ ವಿಮೆಯವರು ಮೇವಿಸ್‌ಳ ಎದೆಯ ಸುದ್ದಿ ಕೇಳಿದರೆ ಸಾಕು, ಬೆಲೆ ಏರಿಸುತ್ತಿದ್ದರು. ಎರಡು ತಿಂಗಳಿದ್ದದ್ದು ಆರು ವಾರವಾಯಿತು, ಆಮೇಲೆ ಒಂದು ತಿಂಗಳಾಯಿತು. ಸಿರಿಲ್ ಪ್ರತಿ ಸಲ ಬೇರೆ ನೆಪ ಹೇಳಿದ. "ಆ ಹಾಸಿಗೆ ನನ್ನ ಬೆನ್ನಿಗೆ ಆಗಲ್ಲ ಕಣೇ." "ಅಲ್ಲಿ ಒಳ್ಳೇ ಚಹಾನೇ ಸಿಗಲ್ಲ." ಮೇವಿಸ್ ತಲೆಯಾಡಿಸುತ್ತಿದ್ದಳು. ಕಿಟಕಿಯ ಚೀಟಿಯನ್ನು ಅವನು ಯಾವಾಗ ಕಿತ್ತನೋ ಯಾರೂ ನೋಡಲಿಲ್ಲ. ಅಂಟಿನ ಕಲೆ ಮಾತ್ರ ಗಾಜಿನ ಮೇಲೆ ಉಳಿದಿತ್ತು.

ಸೋಂಕಿನ ಕಾಲದಲ್ಲಿ ಯಾರೂ ಎಲ್ಲಿಗೂ ಹೋಗಲಿಲ್ಲ. ವಿಲ್ಫ್ ತೀರಿಕೊಂಡ. ಕೊನೆಗೆ ಒಂದು ಜನವರಿಯಲ್ಲಿ, ಮೂರು ವಾರಕ್ಕೆಂದು, ಅವರಿಬ್ಬರ ಜೊತೆ ನಾನೂ ಹೊರಟೆ. ಸಿರಿಲ್ ಟೈ ಕಟ್ಟಿಕೊಂಡು ಸಾಲಿನಲ್ಲಿ ಮೊದಲಿಗನಾಗಿ ನಿಂತಿದ್ದ. ವಿಮಾನ ನಿಲ್ದಾಣದ ಕೌಂಟರಿನ ಹಿಂದಿದ್ದ ಹುಡುಗಿ ಅವನ ಪಾಸ್‌ಪೋರ್ಟನ್ನು ತಿರುವಿ ತಿರುವಿ ನೋಡಿದಳು.

"ಸರ್, ಇದರಲ್ಲಿ ನೀವು ಹೋಗೋ ಹಾಗಿಲ್ಲ."

"ಬೇಸಿಗೆ ತನಕ ನಡಿಯತ್ತೆ ನೋಡಮ್ಮ. ಅಲ್ಲೇ ಬರೆದಿದೆ."

"ಅದು ನಿಜ ಸರ್. ಆದ್ರೆ ಕೊಟ್ಟು ಹತ್ತು ವರ್ಷ ದಾಟಿದೆ. ನಾವು ಒಕ್ಕೂಟದಿಂದ ಹೊರಗೆ ಬಂದ್ಮೇಲೆ ಇದನ್ನ ಕೊಟ್ಟ ದಿನದಿಂದ ಹತ್ತೇ ವರ್ಷ ಅಂತ ಸ್ಪೇನಿನವರು ಲೆಕ್ಕ ಹಿಡೀತಾರೆ. ಹಳೇದು ಮುಗಿಯೋಕೆ ಮುಂಚೆನೇ ಹೊಸದು ಮಾಡಿಸಿದೀರಲ್ಲ, ಆಗ ಹಳೇದರಲ್ಲಿ ಉಳಿದು ಇದಕ್ಕೆ ಸೇರಿಸಿಕೊಟ್ಟ ತಿಂಗಳುಗಳು ಅಲ್ಲಿ ನಡಿಯಲ್ಲ."

ಸಿರಿಲ್ ಅದನ್ನು ಅವಧಿಗೆ ಬಹಳ ಮುಂಚೆಯೇ ಮಾಡಿಸಿಟ್ಟಿದ್ದ. ಎಲ್ಲವನ್ನೂ ಮುಂಚೆ ಮಾಡುವವನಲ್ಲವೇ. ಮೇವಿಸ್ ಪಾಸ್‌ಪೋರ್ಟು ಮಾಡಿಸಲು ಮರೆತು, ಅವನಿಂದ ಬೈಸಿಕೊಂಡು, ತಡವಾಗಿ ಮಾಡಿಸಿದ್ದಳು. ಅವಳದು ಸರಿಯಿತ್ತು. ನನ್ನದೂ ಸರಿಯಿತ್ತು.

ಅವನು ವಾದ ಮಾಡಲಿಲ್ಲ. ಟೈಯ ಗಂಟು ಸಡಿಲಿಸಿದ. "ನೀವಿಬ್ಬರೂ ಹೋಗಿ. ನಾನು ಹೊಸದು ಮಾಡಿಸ್ಕೊಂಡು ಹಿಂದೆ ಬರ್ತೀನಿ. ಹಿಲ್ಡಾ, ಇವಳ ಔಷಧಿ ಚೀಲ ನಿನ್ನ ಕೈಲೇ ಇರ್ಲಿ," ಎಂದ, ನನ್ನ ಕಡೆ ತಿರುಗಿ.

"ನಾನು ಹೋಗಲ್ಲ," ಎಂದಳು ಮೇವಿಸ್.

"ಹೋಗೇ. ಇನ್ನು ಇದನ್ನೂ ನಿನ್ನಿಂದ ಕಿತ್ಕೊಂಡೆ ಅನ್ನಿಸಬೇಡ ನನಗೆ."

ಅವಳು ತನ್ನ ಪಾಸ್‌ಪೋರ್ಟನ್ನು ಹುಡುಗಿಯ ಮುಂದಿಟ್ಟಳು. ನಾವು ಹೋದೆವು.

ಸ್ಪೇನಿನಲ್ಲಿ ನಾಲ್ಕನೇ ದಿನಕ್ಕೇ ಮೇವಿಸ್‌ಳ ತುಟಿಗೆ ಬಣ್ಣ ಬಂತು. ನಾನು ಅವನ ಕುರ್ಚಿಯಲ್ಲಿ ಕೂತು, ಅವನ ಇಷ್ಟದ ಸುಟ್ಟ ಬೂತಾಯಿ ಮೀನು ತಿಂದೆ. ಅದು ರುಚಿಯಾಗಿತ್ತು ಎನ್ನುವುದೇ ನನ್ನನ್ನು ಚುಚ್ಚಿತು. ಒಕ್ಕೂಟ ಬಿಟ್ಟ ಮೇಲೆ ಅಲ್ಲಿಂದ ಫೋನ್ ಮಾಡಲೂ ಹೆಚ್ಚಿನ ದುಡ್ಡು ಕೊಡಬೇಕಿತ್ತು, ಹಾಗಾಗಿ ಎರಡು ದಿನಕ್ಕೊಮ್ಮೆ ಮಾತು. ಎರಡನೇ ವಾರದ ಕೊನೆಗೆ ಮೇವಿಸ್ ಕೇಳಿದಳು:

"ಪಾಸ್‌ಪೋರ್ಟ್ ಬಂತಾ?"

"ಬಂತು."

"ಮತ್ತೆ ಯಾವಾಗ ಬರ್ತೀಯಾ?"

"ಈಗ ಟಿಕೆಟ್ ಮೂರು ಪಟ್ಟು. ನೀನು ಬಿಸಿಲು ಕಾಯಿಸ್ಕೋ. ಫೋನಿನ ದುಡ್ಡು ಓಡ್ತಿದೆ, ಇಡು."

"ಓಡ್ಲಿ. ಟಿಕೆಟಿನ ಮಾತು ಬಿಡು, ನಿಜ ಹೇಳು."

ಅವನೆಂದ: "ಯಾವ ಮುಖ ಇಟ್ಕೊಂಡು ಬಂದು ಕೂರಲೇ ಅಲ್ಲಿ? ಬೀದಿ ಬೀದಿಲಿ ಕೂಗಿದವನು ನಾನೇ ಅಲ್ವಾ. ಮೆಟ್ಟಿಲಲ್ಲಿ ನೀನು ಕೂತಾಗೆಲ್ಲ ನನಗೆ ಅದೇ ನೆನಪು. ನನಗೆ ಇಲ್ಲಿ ಮಳೇನೇ ಸರಿ."

"ಓಹೋ, ನ್ಯಾಯಾಧೀಶನೂ ನೀನೇ, ಕೈದೀನೂ ನೀನೇನಾ? ಹಂಗಾದ್ರೆ ನಾನು ನಾಳೆನೇ ಗಂಟು ಕಟ್ತೀನಿ. ಬಂದು ನಿನ್ನ ಕಿವಿ ಹತ್ರಾನೇ ಕೆಮ್ಮುತೀನಿ, ಕೇಳ್ತಾ ಕೂತಿರು!"

ಫೋನ್ ಇಟ್ಟು, ನಿಜವಾಗಿಯೂ ಪೆಟ್ಟಿಗೆ ಎಳೆದು ಬಟ್ಟೆ ತುಂಬತೊಡಗಿದಳು. ನಾನು ಅವಳಿಗೆ ಗೊತ್ತಾಗದಂತೆ ಸಿರಿಲ್‌ಗೆ ಫೋನ್ ಮಾಡಿ, "ಬಟ್ಟೆ ತುಂಬ್ತಿದಾಳೆ ಕಣಯ್ಯ," ಎಂದಷ್ಟೇ ಹೇಳಿದೆ.

ಅವನು ಬಂದ. ನಮಗೆ ಉಳಿದಿದ್ದದ್ದು ನಾಲ್ಕೇ ದಿನ. ಅದೇ ಟೈ, ತಲೆಗೊಂದು ಟೋಪಿ, ಕೈಯಲ್ಲಿ ಹೊಸ ನೀಲಿ ಪಾಸ್‌ಪೋರ್ಟು. ಮರುದಿನ ಮಧ್ಯಾಹ್ನ ಕಡಲ ಎದುರಿನ ಹೋಟೆಲಿಗೆ ಹೋದೆವು. ಸಿರಿಲ್ ತನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಬಿಸಿಲಿಗೂ ಕಡಲಿಗೂ ಬೆನ್ನು ಹಾಕಿ ಕೂತ. ತನಗೇನೂ ತರಿಸಿಕೊಳ್ಳಲಿಲ್ಲ. ಹಸಿವಿಲ್ಲ ಎಂದ.

"ನನ್ನಿಂದ ನಿನ್ನ ಎರಡು ತಿಂಗಳ ಬಿಸಿಲು ಮೂರು ವಾರಕ್ಕೆ ಇಳೀತು," ಎಂದ, ಮೇಜಿನ ಬಟ್ಟೆಯನ್ನೇ ನೋಡುತ್ತಾ.

ಇಷ್ಟು ವರ್ಷ ನಾವೆಲ್ಲ ಅವನಿಗೆ ಒಂದೇ ಸಮಾಧಾನ ಹೇಳಿದ್ದೆವು. ನೀನೊಬ್ಬನೇ ಏನಲ್ಲ, ಊರಿಗೆ ಊರೇ ಹಾಗೆ ಮತ ಹಾಕಿತು, ನಾನೂ ಹಾಕಿದೆ ಎಂದು. ಮೇವಿಸ್ ಮೀನಿನ ಮುಳ್ಳು ಬಿಡಿಸುತ್ತಲೇ ಹೇಳಿದಳು:

"ಹೌದು. ನೀನೂ ಮಾಡಿದ್ದು."

ಸಿರಿಲ್ ತಲೆ ಎತ್ತಿದ. ನನ್ನ ಕೈಯಲ್ಲಿದ್ದ ಬ್ರೆಡ್ಡು ಹಾಗೇ ಉಳಿಯಿತು.

"ನನಗೆ ಕೋಪ ಇದೆ. ಮೆಟ್ಟಿಲು ಹತ್ತುವಾಗ ನಿನ್ನನ್ನ ಬೈಕೊಂಡೇ ಹತ್ತೋದು ನಾನು. ಊರಿಗೆ ಹೋದ್ಮೇಲೂ ಬೈತೀನಿ. ಆದ್ರೆ ಇರೋದು ಇನ್ನು ಮೂರೇ ದಿನ, ಇಲ್ಲಿಗೆ ನಾನು ನಿನ್ನ ಬೆನ್ನು ನೋಡೋಕೆ ಬಂದಿಲ್ಲ. ಕುರ್ಚಿ ತಿರುಗಿಸು."

ಅವನು ಎದ್ದು ಕುರ್ಚಿ ತಿರುಗಿಸಿದ. ಮೇವಿಸ್ ಮುಳ್ಳು ಬಿಡಿಸಿದ ಮೀನನ್ನು ಅವನ ಮುಂದಕ್ಕೆ ತಳ್ಳಿದಳು. ಅವನು ತಿಂದ. ಟೋಪಿಯನ್ನು ಮಾತ್ರ ಕಣ್ಣಿನ ತನಕ ಎಳೆದುಕೊಂಡೇ ಇದ್ದ. ಅವಳು ಅದನ್ನು ಹಾಗೇ ಇರಲು ಬಿಟ್ಟು, ಇನ್ನೊಂದು ಮೀನಿನ ಮುಳ್ಳು ಬಿಡಿಸತೊಡಗಿದಳು.