ಖಾಲಿ ಬಿಟ್ಟ ಊರಿನ ಖಾನೆ

ತೊಂಬತ್ತರ ದಶಕದ ಕೊನೆಗೆ ಅಫಜಲಪುರದ ಒಂದು ಕಚೇರಿಗೆ ವಿಧವೆಯರ ಪಿಂಚಣಿ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿಕೊಡಲು ಹೋಗಿದ್ದೆ. ತಲೆ ತುಂಬ ಸೊಕ್ಕಿತ್ತು. ತೀರಿಹೋದವರನ್ನು ಪಟ್ಟಿಯಿಂದ ತೆಗೆಯಲು ಡೇಟಾಬೇಸಿನೊಳಗೇ ಒಂದು ಸ್ಟೋರ್ಡ್ ಪ್ರೊಸೀಜರ್, ಅಂದರೆ ಕರೆದಾಗಲೆಲ್ಲ ಓಡುವ ಪುಟ್ಟ ಪ್ರೋಗ್ರಾಮ್, ಬರೆದೆ. ಹೆಸರು ಕೊಟ್ಟರೆ ಹೆಸರಿನ ಷರತ್ತು, ಊರು ಕೊಟ್ಟರೆ ಊರಿನ ಷರತ್ತು; ತುಂಬಿದ ಖಾನೆಗಳನ್ನಷ್ಟೇ ಪೋಣಿಸಿ ಯಾರನ್ನು ಹುಡುಕಬೇಕೆಂಬ ಕ್ವೆರಿಯನ್ನು ಅದು ತಾನೇ ಕಟ್ಟಿಕೊಳ್ಳುತ್ತಿತ್ತು. ಖಾಲಿ ಖಾನೆಯ ಷರತ್ತನ್ನು ಕೈಬಿಡುತ್ತಿತ್ತು. ಇದನ್ನೇ ದೊಡ್ಡ ಜಾಣತನವೆಂದು ಬೀಗಿದ್ದೆ.

ಟೈಪ್ ಮಾಡಲು ಕೂತವರು ನಿವೃತ್ತಿಗೆ ಎಂಟೇ ತಿಂಗಳಿದ್ದ ಗುಮಾಸ್ತರು. ನನಗೆ ಅವರನ್ನು ಕಂಡರಾಗುತ್ತಿರಲಿಲ್ಲ. ಒಂದೊಂದು ಅಕ್ಷರ ಹುಡುಕಿ ಒತ್ತುವುದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. "ಇದು ರಿಜಿಸ್ಟರ್ ಅಲ್ರಿ, ಲಗೂ ಒತ್ರಿ" ಎಂದು ಎಲ್ಲರೆದುರು ಗದರಿದ್ದೆ. ಕೂತು ಕಲಿಸುವ ತಾಳ್ಮೆ ನನಗಿರಲಿಲ್ಲ.

ಆ ತಿಂಗಳು ಗೊಬ್ಬೂರಿನಲ್ಲಿ ಇಬ್ಬರು ತೀರಿಕೊಂಡಿದ್ದರು. ಮೊದಲನೆಯವರಿಗೆ ಗುಮಾಸ್ತರು ಊರು ತುಂಬಿದರು. ಎರಡನೆಯವರ ಹೆಸರಷ್ಟೇ ಒತ್ತಿ, ಊರಿನ ಖಾನೆ ಖಾಲಿ ಬಿಟ್ಟರು. ರಿಜಿಸ್ಟರಿನಲ್ಲಿ ಖಾಲಿ ಎಂದರೆ ಮೇಲಿನ ಊರೇ ಎಂದರ್ಥ. ಆ ಕಚೇರಿಯಲ್ಲಿ ಎಲ್ಲರೂ ಹಾಗೇ ಬರೆಯುತ್ತಿದ್ದರು. ನನ್ನ ಪ್ರೊಸೀಜರ್ ಮಾತ್ರ ಊರಿನ ಷರತ್ತನ್ನೇ ಕೈಬಿಟ್ಟು, ತಾಲ್ಲೂಕಿನಲ್ಲಿ ಆ ಹೆಸರಿನ ಅಷ್ಟೂ ವಿಧವೆಯರನ್ನು ಮೃತರೆಂದು ಗುರುತಿಸಿತು. ಅದು ನಮ್ಮ ಕಡೆ ಓಣಿಗೊಬ್ಬರಿಗೆ ಇರುವ ಹೆಸರು.

ಮರುತಿಂಗಳು ಪಿಂಚಣಿ ಬಾರದೆ ಅವರೆಲ್ಲ ಬಸ್ಸು ಹಿಡಿದು ಬಂದರು. ಒಬ್ಬಾಕೆ ನನ್ನ ಮೇಜು ಗುದ್ದಿದಳು. "ನನ್ನ ಮಣ್ಣಿಗೆ ನೀ ಬಂದಿದ್ದೇನಲೇ ಭಾಡ್ಯಾ? ಕಣ್ಣ ತಗದು ನೋಡು, ಇಲ್ಲೇ ನಿಂತೀನಿ!"

ಸಾಹೇಬರು ನನ್ನನ್ನೂ ಗುಮಾಸ್ತರನ್ನೂ ಒಳಗೆ ಕರೆದು, "ಯಾರ ತಪ್ಪಿದು?" ಎಂದರು.

ನನಗೆ ಗೊತ್ತಿತ್ತು. ಊರು ಖಾಲಿಯಿದ್ದರೆ ಮುಂದೆ ಹೋಗಬೇಡ ಎನ್ನುವ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆದರೂ ಗುಮಾಸ್ತರತ್ತ ಕೈ ತೋರಿಸಿ, "ಇವರು ಊರ ತುಂಬಿಲ್ರಿ" ಎಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆಯನ್ನು ನಾನೇ ಕಾಸಿಕೊಟ್ಟೆ. ಅವರನ್ನು ಅಂದೇ ಸಸ್ಪೆಂಡ್ ಮಾಡಿದರು.

ಸಂಜೆ ಚೀಲ ಹಿಡಿದು ಹೊರಟವರು ನನ್ನ ಮೇಜಿನ ಹತ್ತಿರ ನಿಂತರು. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ.

"ಮೂವತ್ತು ವರ್ಷ ಆ ಖಾನೆ ಖಾಲಿ ಬಿಟ್ಟೇನಿ ತಮ್ಮಾ," ಎಂದರು. "ಒಬ್ಬಾಕಿನೂ ಸತ್ತಿದ್ದಿಲ್ಲ."

ನಾನು ತಲೆ ಎತ್ತಲಿಲ್ಲ. ಪ್ರೊಸೀಜರಿಗೆ ಆ ಒಂದು ಸಾಲು ಸೇರಿಸುತ್ತಿದ್ದೆ.