ಹಗ್ಗಕ್ಕೆ ಮತ್ತೆ ಕೈ ಕೂಡಿಸಿದ ಸರಸಕ್ಕ

ಬೆಳಗಿನ ಐದೂವರೆ. ಬೈಂದೂರು ಕಡೆಯ ಒಂದು ಸಣ್ಣ ಮೀನುಗಾರರ ಕೇರಿ. ಮರಳ ಮೇಲೆ ನಿಂತು ಸರಸಕ್ಕ ತಲೆ ಎಣಿಸುತ್ತಿದ್ದಾರೆ. ಬಡಗಿನ ಹಗ್ಗಕ್ಕೆ ಹದಿನಾರು ಮಂದಿ, ತೆಂಕಿನ ಹಗ್ಗಕ್ಕೆ ಹದಿನೈದು. ದೋಣಿಯವರು ಕಡಲಲ್ಲಿ ಬಲೆ ಬಿಟ್ಟು ಬಂದಾಗಿದೆ. ಇನ್ನು ಎರಡೂ ತುದಿಯನ್ನು ದಡದಿಂದ ಸಮಸಮ ಎಳೆಯಬೇಕು. ಇದು ಕೈರಂಪಣಿ. ಯಂತ್ರವಿಲ್ಲ, ಕೈಗಳದ್ದೇ ಬಲ. ಅಷ್ಟರಲ್ಲಿ ಸಾಲಿನಲ್ಲಿ ಯಾರೋ ಕೆಮ್ಮುತ್ತಾರೆ. ಸರಸಕ್ಕನ ಎಣಿಕೆ ತಪ್ಪುತ್ತದೆ.

"ಕೆಮ್ಮ್ ಕೇಂಡ್ರೆ ಈಗ್ಳೂ ಎದೆ ಧಸಕ್ ಆತ್ತ್," ಎನ್ನುತ್ತಾರೆ ಐವತ್ತೆಂಟರ ಈ ಹೆಂಗಸು.

ದೇಶವೇ ಉಸಿರಿಗಾಗಿ ಪರದಾಡಿದ ಕೊರೋನಾದ ಎರಡನೇ ಅಲೆಯಲ್ಲಿ ಮೂವತ್ತು ಮನೆಗಳ ಈ ಕೇರಿ ಆರು ಜನರನ್ನು ಕಳೆದುಕೊಂಡಿತು. ಅವರಲ್ಲೊಬ್ಬರು ಸರಸಕ್ಕನ ಗಂಡ ಕುಷ್ಟ, ಈ ಬಲೆಯ ಮುಖಂಡ. ಮುಂಬೈಯ ಹೋಟೆಲ್ ಬಿಟ್ಟು ಊರಿಗೆ ಬಂದ ಕುಷ್ಟರ ತಮ್ಮ ಬಚ್ಚನೇ ಕಾಯಿಲೆ ತಂದ ಎಂದು ಸುದ್ದಿಯಾಯಿತು. ನಿಜವೋ ಸುಳ್ಳೋ ವಿಚಾರಿಸಿದವರಿಲ್ಲ. ಕಾಯಿಲೆ ಹೋದರೂ ಹೆದರಿಕೆ ಜಪ್ಪಯ್ಯ ಎಂದರೂ ಕದಲಲಿಲ್ಲ. ಒಬ್ಬರು ಮುಟ್ಟಿದ ಹಗ್ಗವನ್ನು ಇನ್ನೊಬ್ಬರು ಮುಟ್ಟಲೊಲ್ಲರು. ಬಲೆ ವರ್ಷವಿಡೀ ಚಪ್ಪರದಲ್ಲೇ ಬಿದ್ದು ಇಲಿಗಳ ಪಾಲಾಯಿತು.

ಹರಿದ ಬಲೆಯನ್ನು ಬಿಡಿಸಿ ಹೆಣೆಯಲು ಕೂತವರು ಸರಸಕ್ಕ. ಮೂವತ್ತು ಮನೆಗೂ ಹೋದರು. ಅರ್ಧಕ್ಕರ್ಧ ಜನ ಕಿಟಕಿಯಿಂದಲೇ ಮಾತಾಡಿ ಕಳಿಸಿದರು. ಕೊನೆಗೆ ಬಂದ ಹನ್ನೆರಡು ಮಂದಿ ಹಗ್ಗಕ್ಕೆ ಆರಾರು ಅಡಿಗೊಂದು ಕೆಂಪು ಬಟ್ಟೆ ಕಟ್ಟಿ, ಗುರುತು ನೋಡಿ ನಿಂತರು. ಬಡಗಿಗೆ ಎಂಟು, ತೆಂಕಿಗೆ ನಾಲ್ಕು! ಅಂತರದ ಲೆಕ್ಕ ಹಿಡಿದವರಿಗೆ ಬಲದ ಲೆಕ್ಕ ಮರೆತೇಹೋಗಿತ್ತು.

"ಬಲಿ ಓರೆ ಬಂತ್. ಬಂಗ್ಡಿ ಮೀನ್ ಎಲ್ಲ ಕಣ್ಣೆದ್ರಿಗೇ ಜಾರಿ ಹೋಯ್ತ್," ಎನ್ನುತ್ತಾರೆ ಅವರು.

ತೆಂಕಿಗೆ ಗಟ್ಟಿ ಆಳು ಬೇಕಿತ್ತು. ಮರುದಿನ ಸರಸಕ್ಕ ಮೈದುನ ಬಚ್ಚನನ್ನೇ ಕರೆತಂದರು. ಅವನು ಹಗ್ಗ ಹಿಡಿದದ್ದೇ ತಡ, ಉಳಿದವರೆಲ್ಲ ಕೈಬಿಟ್ಟು ಹಿಂದೆ ಸರಿದರು. ಸರಸಕ್ಕ ಹೋಗಿ ಅವನ ಬೆನ್ನಿಗೇ ನಿಂತು ಕೂಗಿದರು: "ಹ್ವಾಯ್, ಎಂತ ಕಾಣ್ತಾ ನಿಂತಿದ್ರಿ? ಹಿಡ್ಕಣಿ!"

ಆಮೇಲೆ ಒಬ್ಬೊಬ್ಬರೇ ಬಂದರು. "ನಂಗ್ ಹೆದ್ರಿಕಿ ಇರ್ಲಿಲ್ಲ ಅಂದ್ಕಣ್ಬ್ಯಾಡಿ," ಎನ್ನುತ್ತಾರೆ ಸರಸಕ್ಕ.

ಈಗ ಮಳೆಗಾಲ ಕಳೆದರೆ ವಾರಕ್ಕೆ ನಾಲ್ಕೈದು ದಿನ ಬಲೆ ಇಳಿಯುತ್ತದೆ. ಮೀನು ಪಾಲು ಮಾಡುವಾಗ ಸಾವು ಕಂಡ ಆ ಆರು ಮನೆಗಳ ಬುಟ್ಟಿ ಮೊದಲು ತುಂಬಬೇಕೆಂಬುದು ಸರಸಕ್ಕ ತಂದ ಕಟ್ಟಳೆ. ಆದರೂ ಟಿವಿಯಲ್ಲಿ ಎಲ್ಲಿಯದೋ ಹೊಸ ಜ್ವರದ ಸುದ್ದಿ ಬಂದರೆ ಮರುದಿನ ಹಗ್ಗಕ್ಕೆ ನಾಲ್ಕು ಕೈ ಕಡಿಮೆ. ಅಂದು ಅವರು ಮತ್ತೆ ಆ ಮನೆಗಳ ಬಾಗಿಲು ತಟ್ಟುತ್ತಾರೆ.

ಹೊಗಳಿದರೆ ಸರಸಕ್ಕನಿಗೆ ಇರುಸುಮುರುಸು. ಸೆರಗಿನಿಂದ ಕೈಯ ಮರಳು ಒರೆಸಿಕೊಂಡು, ದೂರದಲ್ಲಿ ಬಲೆ ಕೊಡವುತ್ತಿರುವ ಬಚ್ಚನತ್ತ ನೋಡಿ ದನಿ ತಗ್ಗಿಸುತ್ತಾರೆ.

"ಅಂದ್ ಅವನ ಮನಿ ದಾರಿಗೆ ಮುಳ್ಳ್ ಕಟ್ಟಿದ್ದ್ ಯಾರ್ ಗೊತ್ತಾ? ನಾನೇ. ಒಳಗೆ ಸಣ್ಣ ಮಕ್ಕಳಿದ್ರೂ ಕಟ್ಟಿದೆ. ಪೇಪರಿಗೆ ಅದನ್ನೂ ಹಾಕಿ. ಇನ್ನೊಂದ್ ಸಲ ಅಂಥ ಜ್ವರ ಬಂದ್ರೆ, ಮತ್ತೆ ಕಟ್ತ್ನೋ ಏನೋ ಅಂತ ನಂಗೆ ನನ್ನದೇ ಹೆದ್ರಿಕಿ."