ಬಾಗಿಲಿಲ್ಲದ ಗೋಪುರ

ನಾನು ವಿಕ್ಟೋರಿಯಾ ರಾಣಿಯ ಕಾಲದ ವಾಸ್ತುಶಿಲ್ಪಿ ಎಂಬುದು ಹೋದ ಶುಕ್ರವಾರದವರೆಗೆ ನನಗೇ ಗೊತ್ತಿರಲಿಲ್ಲ.

ಬಹ್ರೇನಿನ ಬುದಯ್ಯದಲ್ಲಿ ಗೇಟು ಹಾಕಿದ ಒಂದು ಖಾಸಗಿ ರಸ್ತೆಯಿದೆ. ಅದರ ಇಕ್ಕೆಲಗಳಲ್ಲಿ ಹನ್ನೆರಡು ವಿಕ್ಟೋರಿಯನ್ ಮನೆಗಳು: ಚೂಪಾದ ಇಳಿಜಾರು ಮಾಡು, ಮುಂದಕ್ಕೆ ಉಬ್ಬಿದ ಕಿಟಕಿ, ಮೇಲೊಂದು ಹೊಗೆಗೂಡು. ಈ ಊರಿನ ಸೆಕೆಯಲ್ಲಿ ಬೆಂಕಿ ಕಾಯಿಸಿಕೊಳ್ಳುವ ಅನುಕೂಲವಿಲ್ಲದಿದ್ದರೆ ಆದೀತೇ? ರಾಣಿ ತೀರಿಕೊಂಡು ತೊಂಬತ್ತು ವರ್ಷ ದಾಟಿದ ಮೇಲೆ ಇವುಗಳ ನಕ್ಷೆ ಬಿಡಿಸಿದವನು ನಾನು, ಮಂಗಳೂರಿನಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ ಬಂದವನು. ಮಾಲೀಕರು ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿಯೊಂದನ್ನಿಟ್ಟು, ಅದರ ಚಿತ್ರ ತೋರಿಸಿ, ಹೀಗೇ ಬೇಕು ಎಂದಿದ್ದರು. ಚಿತ್ರದಲ್ಲಿದ್ದದ್ದು ಮನೆಯ ಮುಂಭಾಗ ಮಾತ್ರ. ಡಬ್ಬಿ ತಿರುಗಿಸಿದರೆ ಮೈದಾ, ಸಕ್ಕರೆ, ಬೆಣ್ಣೆ. ಹಾಗಾಗಿ ಹಿಂಭಾಗವನ್ನು ಬಜ್ಪೆಯ ನಮ್ಮ ಮನೆಯಿಂದ ತಂದೆ: ಉದ್ದ ಜಗಲಿ, ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು.

ಆ ರಸ್ತೆಯ ಬಾಡಿಗೆದಾರರಲ್ಲಿ ಮಾರ್ಗರೆಟ್ ಎಂಬ ನಿವೃತ್ತ ಇಂಗ್ಲಿಷ್ ಟೀಚರ್ ಒಬ್ಬರು. ಅವರು ಮನೆಗಳ ವಾಸ್ತುಚರಿತ್ರೆ ವಿವರಿಸುತ್ತಾರೆ, ಬಂದವರಿಗೆ ಚಹಾ ಇದೆ ಎಂದು ವಾಟ್ಸಾಪ್‌ನಲ್ಲಿ ನೋಡಿ ನನ್ನ ಹೆಂಡತಿ ಐರಿನ್ ಸನದ್ ಬಡಾವಣೆಯ ನಮ್ಮ ಫ್ಲ್ಯಾಟಿನಿಂದ ನನ್ನನ್ನು ಎಳೆದುಕೊಂಡು ಹೊರಟಳು.

ಇಪ್ಪತ್ತು ಮಂದಿ ಸೇರಿದ್ದರು. ನನ್ನ ಒಂದೊಂದು ಎಡವಟ್ಟಿಗೂ ಮಾರ್ಗರೆಟ್ ಬಳಿ ಒಂದೊಂದು ತತ್ವವಿತ್ತು. ಅಳತೆ ತಪ್ಪಿ ಎತ್ತರಕ್ಕೆ ಹೋದ ಕಿಟಕಿ ಹೆಂಗಸರ ಮರ್ಯಾದೆ ಕಾಪಾಡಲು. ಒಗೆಯುವ ಕಲ್ಲು ಗುಲಾಬಿ ಜೋಡಿಸುವ ಪೀಠ. ಅಂಥದೇ ಪೀಠದ ಮೇಲೆ ಅಮ್ಮ ನನ್ನ ಚಡ್ಡಿಗಳನ್ನು ಬಡಿಯುತ್ತಿದ್ದದ್ದು ನೆನಪಾಯಿತು.

ಕೊನೆಯ ಮನೆ ಮಾರ್ಗರೆಟ್ ಅವರದೇ. ಅದರ ಮೂಲೆಯ ಗೋಪುರ ತೋರಿಸಿ, "ಇದಕ್ಕೆ ಬಾಗಿಲೇ ಇಲ್ಲ. ಏಕಾಂತದ ಸಂಕೇತ" ಎಂದರು. ಎಲ್ಲರೂ ಭಕ್ತಿಯಿಂದ ಫೋಟೊ ತೆಗೆದರು.

ಐರಿನ್ ಮೊಣಕೈಯಲ್ಲಿ ತಿವಿದಳು. "ನೀವು ಬಾಯಿ ಬಿಡ್ತೀರಾ, ಅಲ್ಲ ನಾನೇ ಹೇಳ್ಬೇಕಾ?"

ಉತ್ತರಕ್ಕೆ ಕಾಯದೆ ಅವಳೇ ಇಂಗ್ಲಿಷಿನಲ್ಲಿ ಸಾರಿಬಿಟ್ಟಳು, ನಕ್ಷೆ ಬಿಡಿಸಿದ್ದು ತನ್ನ ಗಂಡನೆಂದು. ಇಪ್ಪತ್ತು ಮುಖಗಳು ನನ್ನತ್ತ ತಿರುಗಿದವು. ಏಕಾಂತವನ್ನು ಒಪ್ಪಿಕೊಂಡಿದ್ದರೆ ನಾನು ಮಹಾಪ್ರತಿಭೆಯಾಗಿಬಿಡುತ್ತಿದ್ದೆ. ಆದರೆ ಮಾರ್ಗರೆಟ್ ನೋಟ್‌ಬುಕ್ ತೆರೆದು, ಹೇಳಿದ್ದನ್ನೆಲ್ಲ ನಂಬುವ ಕಣ್ಣುಗಳಿಂದ ಕಾಯುತ್ತಿದ್ದರು.

"ಬಾಗಿಲು ಬಿಡಿಸಲು ಮರೆತೆ," ಎಂದೆ.

ಉಳಿದದ್ದನ್ನೂ ಹೇಳಿದೆ. ಮೇಲೆ ಮಾಡು ಮುಚ್ಚಿದ ಹೊತ್ತಿಗೆ, ಅದಕ್ಕೂ ಮೊದಲೇ ಮೇಲಿಂದ ಒಳಗಿಳಿದಿದ್ದ ಮೇಸ್ತ್ರಿ ಇಬ್ರಾಹಿಂ ಗೋಪುರದೊಳಗೆ ಗಾರೆ ಮಾಡುತ್ತಿದ್ದ. ಕಿಟಕಿಯಿಂದ ತಲೆ ಹಾಕಿ, "ಸಾರ್, ನಾನು ಹೊರಗೆ ಬರುವುದು ಎಲ್ಲಿಂದ ಮಾರಾಯ್ರೆ?" ಎಂದು ಕೇಳಿದಾಗಲೇ ನನಗೆ ಗೊತ್ತಾದದ್ದು. ಆ ಕಿಟಕಿಯಿಂದಲೇ ಹಗ್ಗ ಕಟ್ಟಿ ಅವನನ್ನು ಇಳಿಸಿದೆವು. ಮಾಲೀಕರ ಕಿವಿಗೆ ಬಿದ್ದಿದ್ದರೆ ನಾನು ಆ ವಾರವೇ ಊರಿಗೆ ಹೊರಡಬೇಕಿತ್ತು. ಇಬ್ರಾಹಿಂ ಯಾರಿಗೂ ಹೇಳಲಿಲ್ಲ.

ಮಾರ್ಗರೆಟ್ ಮುಖ ಕೆಂಪಾಯಿತು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಈಗ ಅವರೆಲ್ಲಿ?" ಎಂದು ಕೇಳಿದರು.

ಉಳ್ಳಾಲದಲ್ಲಿ. ವಿಡಿಯೊ ಕಾಲ್ ಮಾಡಿದೆ. ಬಿಳಿ ಟೊಪ್ಪಿ ಇಟ್ಟುಕೊಂಡು ಜುಮಾ ನಮಾಜಿಗೆ ಹೊರಟಿದ್ದ. ನಾವು ಕಟ್ಟಿದ ಮನೆಗಳ ಚರಿತ್ರೆ ಕೇಳಲು ಜನ ಬಂದಿದ್ದಾರೆ ಎಂದೆ. ಚರಿತ್ರೆ ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಸಾರ್, ಮೊಬೈಲು ಗೋಡೆ ಹತ್ರ ಹಿಡೀರಿ. ಇನ್ನೂ ಹತ್ರ. ಬಿರುಕು ಬಿಟ್ಟಿದಾ?"

"ಇಲ್ಲ ಇಬ್ರಾಹಿಂ."

"ಮಳೆ ಬಂದ್ರೆ ಸೋರ್ತದಾ, ಕೇಳಿ."

ಮಾರ್ಗರೆಟ್‌ರನ್ನು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು.

"ಹಾಗಾದ್ರೆ ಸರಿ," ಎಂದು ಅವನು ಫೋನಿಟ್ಟ.

ಅಷ್ಟು ಹೊತ್ತು ಆ ಮನೆಗಳ ಬಗ್ಗೆ ಮಾತಾಡಿದ, ಕೇಳಿದ ನಮ್ಮೆಲ್ಲರಲ್ಲಿ ಮನೆಯ ಕ್ಷೇಮ ವಿಚಾರಿಸಿದವನು ಅವನೊಬ್ಬನೇ.